ಹಳೆ ಬೈಕಿನ ಎಸಿ ಲೈಟನ್ನು ಬ್ಯಾಟರಿಗೆ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬೈಕಿನ ಹೆಡ್‌ಲೈಟ್ ಎಸಿಯಲ್ಲಿ ಉರಿಯುತ್ತಿದೆಯೋ ಬ್ಯಾಟರಿಯಲ್ಲೋ, ಗೊತ್ತಾಗುವುದು ಹೇಗೆ?

ಎಸಿ ಎಂದರೆ ಎಂಜಿನ್ ಜೊತೆ ಮ್ಯಾಗ್ನೆಟ್ ತಿರುಗುವಾಗ ಅದರೊಳಗಿನ ಕಾಯಿಲಿನಿಂದ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಬ್ಯಾಟರಿಯದ್ದು ಡಿಸಿ, ಒಂದೇ ದಿಕ್ಕಿನದ್ದು. ಎಂಜಿನ್ ಆಫ್ ಇದ್ದಾಗ ಕೀ ತಿರುಗಿಸಿ ಲೈಟ್ ಸ್ವಿಚ್ ಒತ್ತಿ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಕೆಲಸ ಮಾಡಿ ಹೆಡ್‌ಲೈಟ್ ಮಾತ್ರ ಸುಮ್ಮನಿದ್ದರೆ ಅದು ಬಹುತೇಕ ಎಸಿ. ಎಂಜಿನ್ ಸ್ಟಾರ್ಟ್ ಆದ ಮೇಲೆ ಸ್ಲೋನಲ್ಲಿ ಮಂಕಾಗಿ, ರೇಸ್ ಕೊಟ್ಟಂತೆ ಬೆಳಕು ಏರುವುದು ಇನ್ನೊಂದು ಗುರುತು. ಖಚಿತ ಮಾಡಿಕೊಳ್ಳಲು ಎಂಜಿನ್ ಓಡುತ್ತಿರುವಾಗ ಬಲ್ಬ್ ಹೋಲ್ಡರ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಎಸಿ ರೇಂಜಿನಲ್ಲಿ 12-13 ವೋಲ್ಟ್ ಆಸುಪಾಸು ತೋರಿಸಿ, ಡಿಸಿ ರೇಂಜಿನಲ್ಲಿ ಅಷ್ಟು ಬಾರದಿದ್ದರೆ ಸಂದೇಹವೇ ಇಲ್ಲ.

ಹೆಡ್‌ಲೈಟ್ ವೈರನ್ನು ಬಿಚ್ಚಿ ಬ್ಯಾಟರಿ ಲೈನಿಗೆ ಸೇರಿಸಿದರೆ ಸಾಕಲ್ಲವೇ?

ಸಾಲದು. ಲೈಟೇನೋ ಜೋರಾಗಿಯೇ ಉರಿಯುತ್ತದೆ, ಆದರೆ ಒಂದೆರಡು ರಾತ್ರಿಯೊಳಗೆ ಬ್ಯಾಟರಿ ಕೂತುಬಿಡುತ್ತದೆ. ಕಾರಣ ಲೆಕ್ಕದಲ್ಲಿದೆ.

ಇಂಥ ಬೈಕುಗಳಲ್ಲಿ ಮ್ಯಾಗ್ನೆಟ್ ಕಾಯಿಲಿನ ಹೆಚ್ಚಿನ ಶಕ್ತಿ ನೇರವಾಗಿ ಹೆಡ್‌ಲೈಟಿಗೆ ಹೋಗುತ್ತದೆ. ಬ್ಯಾಟರಿಗೆ ಸಿಗುವುದು ಎಸಿಯ ಅರ್ಧ ಅಲೆ (ಹಾಫ್ ವೇವ್) ಮಾತ್ರ, ಅದೂ ಸಾಮಾನ್ಯವಾಗಿ 1 ಆಂಪಿಯರ್ ಆಸುಪಾಸು. ಹಾರ್ನಿಗೂ ಇಂಡಿಕೇಟರಿಗೂ ಅಷ್ಟು ಸಾಕು ಎಂದು ಹಾಗೆ ಮಾಡಿರುತ್ತಾರೆ. ಈಗ 35 ವ್ಯಾಟಿನ ಹೆಡ್‌ಲೈಟ್, 5 ವ್ಯಾಟಿನ ಟೇಲ್ ಲೈಟ್, ಮೀಟರ್ ಬಲ್ಬುಗಳಿಗೆ 3 ವ್ಯಾಟ್ ಎಂದು ಕೂಡಿಸಿ: 43 ವ್ಯಾಟ್. 12.5 ವೋಲ್ಟಿನಿಂದ ಭಾಗಿಸಿದರೆ ಸುಮಾರು 3.4 ಆಂಪಿಯರ್ ಖರ್ಚು. ಬರುವುದು 1, ಹೋಗುವುದು 3.4. ಉಳಿದ 2.4 ಆಂಪಿಯರ್ ಬ್ಯಾಟರಿಯೇ ಕೊಡಬೇಕು. ಕಿಕ್ ಸ್ಟಾರ್ಟ್ ಬೈಕಿನಲ್ಲಿ 2.5 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಕಾಗದದ ಮೇಲೆ ಒಂದು ಗಂಟೆ. ಆ 2.5 ಎಂಬ ಅಂಕಿ 10 ಗಂಟೆ ಹಿಡಿದು ನಿಧಾನವಾಗಿ ಖಾಲಿ ಮಾಡಿದಾಗ ಸಿಗುವಂಥದ್ದು. ಅವಸರದಲ್ಲಿ ಎಳೆದರೆ ಅಷ್ಟೂ ಸಿಗುವುದಿಲ್ಲ.

ಆದ್ದರಿಂದ ಮೊದಲು ಕಾಯಿಲಿನಿಂದ ಬರುವ ಇಡೀ ಶಕ್ತಿ ಬ್ಯಾಟರಿ ಕಡೆಗೆ ತಿರುಗಬೇಕು. ಹೆಡ್‌ಲೈಟ್ ವೈರಿನ ಸರದಿ ಆಮೇಲೆ.

ಕಾಯಿಲಿಗೆ ಅಷ್ಟು ಶಕ್ತಿ ಇದೆಯೇ ಎಂದು ಅಳೆಯಬಹುದೇ?

ಅಳೆಯಲೇಬೇಕು. ಅಳೆಯದೆ ಪಾರ್ಟ್ಸ್ ತರಲು ಹೋಗಬೇಡಿ.

ಕಾಯಿಲಿನಿಂದ ಬರುವ ಕಪ್ಲರ್ ಬಿಚ್ಚಿ. ಲೈಟಿಂಗ್ ವೈರಿಗೂ ಬಾಡಿಗೂ ನಡುವೆ 12 ವೋಲ್ಟ್, 35 ವ್ಯಾಟಿನ ಒಂದು ಬಲ್ಬ್ ಕಟ್ಟಿ. ಅದರ ಎರಡು ತುದಿಗೆ ಮೀಟರನ್ನು ಎಸಿ ರೇಂಜಿನಲ್ಲಿ ಹಾಕಿ. ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನವಾಗಿ ರೇಸ್ ಕೊಡುತ್ತಾ 13 ವೋಲ್ಟ್ ಯಾವ ಆರ್‌ಪಿಎಂನಲ್ಲಿ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಂದು 35 ವ್ಯಾಟಿನ ಬಲ್ಬನ್ನು ಪ್ಯಾರಲಲ್ ಆಗಿ ಸೇರಿಸಿ ಮತ್ತೆ ನೋಡಿ. ಎರಡು ಬಲ್ಬ್ ಹೊತ್ತುಕೊಂಡು ನೀವು ದಿನವೂ ಓಡಿಸುವ ವೇಗದ ಆರ್‌ಪಿಎಂನಲ್ಲೇ 13 ವೋಲ್ಟ್ ಬಂದರೆ 35 ವ್ಯಾಟಿನ ಮಾಮೂಲಿ ಬಲ್ಬೇ ಇಟ್ಟುಕೊಳ್ಳಬಹುದು. ಒಂದಕ್ಕೇ ತಿಣುಕಿದರೆ ಎಲ್‌ಇಡಿ ಇಲ್ಲದೆ ಲೆಕ್ಕ ಕೂಡುವುದಿಲ್ಲ.

ಎಚ್ಚರಿಕೆ: ಈಗ ರೆಗ್ಯುಲೇಟರ್ ಇಲ್ಲ. ಒಂದೇ ಬಲ್ಬ್ ಇಟ್ಟು ಜೋರಾಗಿ ರೇಸ್ ಕೊಟ್ಟರೆ ವೋಲ್ಟೇಜ್ ಏರಿ ಬಲ್ಬ್ ಸುಟ್ಟುಹೋಗುತ್ತದೆ.

ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಬದಲಿಸಿ, ಇಡೀ ಅಲೆ ಬಳಸುವ ಫುಲ್ ವೇವ್ ಮಾದರಿಯದ್ದು ಹಾಕಿದರೆ ಸಾಕೇ? ಕಾಯಿಲ್ ಬಿಚ್ಚಲೇಬೇಕೇ?

ಬಿಚ್ಚಲೇಬೇಕು. ಯಾಕೆಂದು ತಿಳಿದುಕೊಂಡರೆ ಮುಂದಿನ ಕೆಲಸ ಸಲೀಸು.

ಎಸಿ ಲೈಟಿಂಗ್ ಇರುವ ಬೈಕಿನಲ್ಲಿ ಕಾಯಿಲಿನ ಒಂದು ತುದಿ ಕಾಯಿಲ್ ಪ್ಲೇಟಿಗೇ ಬೆಸುಗೆಯಾಗಿರುತ್ತದೆ, ಅಂದರೆ ಬಾಡಿಗೆ ಅರ್ಥಿಂಗ್ ಆಗಿರುತ್ತದೆ. ಬ್ಯಾಟರಿಯ ನೆಗೆಟಿವ್ ಕೂಡ ಬಾಡಿಗೇ. ಫುಲ್ ವೇವ್ ಆರ್‌ಆರ್ ಒಳಗೆ ನಾಲ್ಕು ಡಯೋಡುಗಳ ಬ್ರಿಡ್ಜ್ ಇದೆ. ಕಾಯಿಲಿನ ಇನ್ನೊಂದು ತುದಿ ಪಾಸಿಟಿವ್ ಆದಾಗ ಕರೆಂಟ್ ಬ್ಯಾಟರಿಗೆ ಹೋಗಿ ಬಾಡಿ ಮೂಲಕ ವಾಪಸ್ ಬರುತ್ತದೆ, ತೊಂದರೆಯಿಲ್ಲ. ಅದೇ ತುದಿ ನೆಗೆಟಿವ್ ಆದಾಗ ಬಾಡಿಯಿಂದ ಕೆಳಗಿನ ಡಯೋಡಿನ ಮೂಲಕ ನೇರವಾಗಿ ಕಾಯಿಲಿಗೇ ತಿರುಗಿಬರುತ್ತದೆ. ಬ್ಯಾಟರಿಯತ್ತ ಸುಳಿಯುವುದೇ ಇಲ್ಲ. ಅಂದರೆ ಅರ್ಧ ಅಲೆ ಶಾರ್ಟ್ ಆಗಿ ಪೋಲಾಗುತ್ತದೆ, ಆ ಒಂದು ಡಯೋಡ್ ಬಿಸಿಯಾಗುತ್ತಲೇ ಇರುತ್ತದೆ. ದುಬಾರಿ ಯೂನಿಟ್ ಹಾಕಿಯೂ ಚಾರ್ಜಿಂಗ್ ಮೊದಲಿನಷ್ಟೇ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಪರಿಹಾರ: ಕಾಯಿಲಿನ ಅರ್ಥಿಂಗ್ ತುದಿಯನ್ನು ಪ್ಲೇಟಿನಿಂದ ಬಿಡಿಸಿ, ಹೊಸ ವೈರ್ ಸೇರಿಸಿ ಹೊರಗೆ ತರಬೇಕು. ಆಗ ಕಾಯಿಲಿನ ಎರಡೂ ತುದಿ ಬಾಡಿಗೆ ತಾಗದೆ ನೇರವಾಗಿ ಆರ್‌ಆರ್‌ಗೆ ಹೋಗುತ್ತವೆ.

ಅರ್ಥಿಂಗ್ ತುದಿ ಬಿಡಿಸುವ ಕೆಲಸ ಹೇಗೆ?

ಬ್ಯಾಟರಿ ನೆಗೆಟಿವ್ ಬಿಚ್ಚಿ. ಮ್ಯಾಗ್ನೆಟ್ ಕವರಿನೊಳಗೆ ಆಯಿಲ್ ಇರುವ ಎಂಜಿನ್ ಆದರೆ ಮೊದಲು ಆಯಿಲ್ ಇಳಿಸಿ, ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ. ಮ್ಯಾಗ್ನೆಟ್ ನಟ್ ತೆಗೆದ ಮೇಲೆ ಅದೇ ಮಾಡೆಲಿನ ಪುಲ್ಲರ್ ಹಾಕಿಯೇ ಎಳೆಯಬೇಕು. ಕೆಲವು ಮ್ಯಾಗ್ನೆಟ್‌ಗಳಲ್ಲಿ ಪುಲ್ಲರ್ ಥ್ರೆಡ್ ಎಡಗೈ ಸುತ್ತಿನದ್ದು, ಬಲವಂತ ಮಾಡಿದರೆ ಥ್ರೆಡ್ ಹೋಗುತ್ತದೆ. ಸುತ್ತಿಗೆಯಿಂದ ಹೊಡೆಯುವುದು, ಸ್ಕ್ರೂಡ್ರೈವರ್ ಹಾಕಿ ಮೀಟುವುದು ಬೇಡ. ಮ್ಯಾಗ್ನೆಟ್ ಸೀಳುತ್ತದೆ, ಕ್ರ್ಯಾಂಕ್ ಬಾಗುತ್ತದೆ. ಕ್ರ್ಯಾಂಕಿನ ಮೇಲಿರುವ ಅರ್ಧಚಂದ್ರಾಕಾರದ ಚಿಕ್ಕ ಕೀ ಕಳೆದುಹೋಗದಂತೆ ಎತ್ತಿಡಿ. ಕಾಯಿಲ್ ಪ್ಲೇಟಿನ ಸ್ಕ್ರೂ ರಂಧ್ರ ಉದ್ದವಾಗಿದ್ದರೆ ಅದು ಟೈಮಿಂಗ್ ಹೊಂದಿಸಲು. ಬಿಚ್ಚುವ ಮೊದಲು ಪ್ಲೇಟಿಗೂ ಕೇಸಿಗೂ ಸೇರುವಂತೆ ಒಂದು ಗೆರೆ ಎಳೆಯಿರಿ.

ಪ್ಲೇಟ್ ಕೈಗೆ ಬಂದ ಮೇಲೆ ಅವಸರ ಬೇಡ. ಇಗ್ನಿಷನ್‌ಗೆ ಕರೆಂಟ್ ಕೊಡುವ ಸೋರ್ಸ್ ಕಾಯಿಲ್ ಬೇರೆಯೇ ಇರುತ್ತದೆ. ಅದರ ತಂತಿ ತಲೆಗೂದಲಿನಂತೆ ತೆಳು, ಸಾಮಾನ್ಯವಾಗಿ ಮೇಲೆ ಟೇಪ್ ಸುತ್ತಿರುತ್ತದೆ, ಅಳೆದರೆ ನೂರಾರು ಓಮ್ ತೋರಿಸುತ್ತದೆ. ಅದನ್ನು ಮುಟ್ಟಬೇಡಿ. ಲೈಟಿಂಗ್ ಕಾಯಿಲಿನ ತಂತಿ ದಪ್ಪ, ರೆಸಿಸ್ಟೆನ್ಸ್ 1 ಓಮ್ ಆಸುಪಾಸು. ಈ ಎರಡೂ ಒಂದೇ ಟ್ಯಾಗಿನಲ್ಲಿ ಅರ್ಥಿಂಗ್ ಆಗಿರುವುದುಂಟು. ಹಾಗಿದ್ದಲ್ಲಿ ದಪ್ಪ ತಂತಿಯನ್ನು ಮಾತ್ರ ಬೇರ್ಪಡಿಸಿ, ತೆಳು ತಂತಿಯನ್ನು ಅಲ್ಲಿಯೇ ಮತ್ತೆ ಬೆಸುಗೆ ಹಾಕಿ. ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟೇ ಆಗದಿದ್ದರೆ ಮೊದಲು ನೋಡಬೇಕಾದ್ದು ಈ ಜಾಗ.

ಬೇರ್ಪಟ್ಟ ತುದಿಯ ಎನಾಮೆಲ್ ಲೇಪನವನ್ನು ಬ್ಲೇಡಿನಿಂದ ತಾಮ್ರ ಕಾಣುವವರೆಗೆ ಕೆರೆಯಿರಿ. ಲೇಪನ ಉಳಿದಿದ್ದರೆ ಸೋಲ್ಡರ್ ಮುತ್ತಿನಂತೆ ಉಂಡೆಗಟ್ಟಿ ಜಾರುತ್ತದೆ, ತಂತಿಗೆ ಹಿಡಿಯುವುದಿಲ್ಲ. 1.5 ಚದರ ಮಿ.ಮೀ.ನ, ಶಾಖ ಮತ್ತು ಆಯಿಲ್ ತಡೆಯುವ ವೈರನ್ನು ಸುತ್ತಿ ಬೆಸೆದು, ಮೇಲೆ ಫೈಬರ್‌ಗ್ಲಾಸ್ ಸ್ಲೀವ್ ಎಳೆದು, ದಾರದಿಂದ ಬಿಗಿದು, ಎಪಾಕ್ಸಿ ಹಚ್ಚಿ. ಪಿವಿಸಿ ಟೇಪ್ ಇಲ್ಲಿ ನಿಲ್ಲುವುದಿಲ್ಲ. ಬಿಸಿ ಆಯಿಲ್‌ಗೆ ಅಂಟು ಕರಗಿ ಟೇಪ್ ಬಿಚ್ಚಿ ಮ್ಯಾಗ್ನೆಟ್‌ಗೆ ಸಿಕ್ಕುತ್ತದೆ. ಹೊಸ ವೈರನ್ನು ಹಳೆ ವೈರುಗಳ ರಬ್ಬರ್ ಗ್ರೋಮೆಟ್‌ನಲ್ಲೇ ಹೊರತಂದು ಸೀಲಂಟ್ ಹಚ್ಚಿ.

ಮರಳಿ ಕೂರಿಸುವ ಮೊದಲು ಮ್ಯಾಗ್ನೆಟ್ ಒಳಭಾಗವನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬೆಂಚಿನ ಮೇಲಿದ್ದ ಒಂದು ವಾಷರ್ ಅಥವಾ ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಂಡಿದ್ದರೆ ಮೊದಲ ಕಿಕ್ಕಿಗೇ ಕಾಯಿಲನ್ನು ಕೊರೆಯುತ್ತದೆ. ಕೂರಿಸಿದ ಮೇಲೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಎಲ್ಲೂ ಉಜ್ಜುವ ಸದ್ದು ಬರಬಾರದು.

ಕೆಲಸ ಸರಿಯಾಗಿದೆ ಎಂದು ಕವರ್ ಮುಚ್ಚುವ ಮೊದಲೇ ತಿಳಿಯಬಹುದೇ?

ಮೀಟರನ್ನು ಓಮ್ ರೇಂಜಿಗೆ ಇಡಿ. ಕಾಯಿಲಿನ ಎರಡು ತುದಿಗಳ ನಡುವೆ ಅರ್ಧದಿಂದ ಎರಡು ಓಮ್ ಬರಬೇಕು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರುವ ಮೊತ್ತವನ್ನು ಕಳೆಯಲು ಮರೆಯಬೇಡಿ. ಪ್ರತಿ ತುದಿಗೂ ಬಾಡಿಗೂ ನಡುವೆ ಏನೂ ತೋರಿಸಬಾರದು, ಪೂರ್ತಿ ಓಪನ್ ಇರಬೇಕು. ಅಲ್ಲಿ ಸ್ವಲ್ಪವೇ ರೆಸಿಸ್ಟೆನ್ಸ್ ಕಂಡರೂ ಎಲ್ಲೋ ತಂತಿ ಕೋರಿಗೆ ತಾಗುತ್ತಿದೆ ಎಂದೇ ಲೆಕ್ಕ.

ಕಾಯಿಲಿನಿಂದ ಹಳದಿ, ಬಿಳಿ ಎಂದು ಎರಡು ವೈರ್ ಬರುತ್ತಿವೆ. ಯಾವುದನ್ನು ಬಳಸಬೇಕು?

ಹೋಂಡಾ ಮಾದರಿಯ ಬಣ್ಣಗಳಲ್ಲಿ ಹಳದಿ ಲೈಟಿಂಗ್, ಬಿಳಿ ಚಾರ್ಜಿಂಗ್, ಹಸಿರು ಅರ್ಥಿಂಗ್, ಕೆಂಪು ಬ್ಯಾಟರಿ. ಹಲವು ಬೈಕುಗಳಲ್ಲಿ ಇದು ಒಂದೇ ಸುರುಳಿ: ಅರ್ಥಿಂಗ್‌ನಿಂದ ಶುರುವಾಗಿ, ನಡುವೆ ಹಳದಿ ಹೊರಬಂದು, ಕೊನೆಯ ತುದಿ ಬಿಳಿ. ಬಿಡಿಸಿದ ಹೊಸ ತುದಿಯಿಂದ ಎರಡನ್ನೂ ಅಳೆದು, ಹೆಚ್ಚು ಓಮ್ ತೋರಿಸುವುದನ್ನು ಬಳಸಿ. ಇನ್ನೊಂದನ್ನು ಸ್ಲೀವ್ ಹಾಕಿ ಮುಚ್ಚಿ. ಅದು ಬಾಡಿಗೆ ತಾಗಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಆದರೆ ಹಳೆ ಬೈಕಿನ ಬಣ್ಣಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟು ಜನ ವೈರಿಂಗ್ ಮಾಡಿರುತ್ತಾರೋ ಯಾರಿಗೆ ಗೊತ್ತು, ಮೀಟರ್ ಹೇಳಿದ್ದೇ ಸರಿ.

ಯಾವ ಆರ್‌ಆರ್ ಯೂನಿಟ್ ತರಬೇಕು?

ಹಳೆಯ ನಾಲ್ಕು ಪಿನ್ನಿನ ಹಾಫ್ ವೇವ್ ಯೂನಿಟ್ ಇದಕ್ಕೆ ಬರುವುದಿಲ್ಲ. ಪಿನ್ ಎಣಿಸಿ ಮೋಸಹೋಗಬೇಡಿ, ಹೊಸದಕ್ಕೂ ನಾಲ್ಕೇ ಪಿನ್ ಇರಬಹುದು. ಬೇಕಾದ್ದು 12 ವೋಲ್ಟಿನ ಫುಲ್ ವೇವ್ ಯೂನಿಟ್: ಎರಡು ಎಸಿ ಇನ್‌ಪುಟ್, ಒಂದು ಪಾಸಿಟಿವ್, ಒಂದು ನೆಗೆಟಿವ್. ಎಸಿಯ ಎರಡು ವೈರಿಗೆ ಹಿಂದುಮುಂದು ಇಲ್ಲ, ಯಾವುದನ್ನು ಎಲ್ಲಿಗೆ ಕೊಟ್ಟರೂ ಸರಿ. ಐದನೇ ವೈರ್ ಇದ್ದರೆ ಅದು ವೋಲ್ಟೇಜ್ ನೋಡಿಕೊಳ್ಳುವ ಸೆನ್ಸ್ ವೈರ್ ಇರಬಹುದು, ಕೀ ಆನ್ ಆದಾಗ 12 ವೋಲ್ಟ್ ಬರುವ ಲೈನಿಗೆ ಕೊಡಬೇಕು. ಮೂರು ಎಸಿ ಇನ್‌ಪುಟ್ ಇರುವ ಥ್ರೀ ಫೇಸ್ ಯೂನಿಟ್ಟೇ ಸಿಕ್ಕರೆ ಎರಡನ್ನು ಬಳಸಿ, ಮೂರನೆಯದನ್ನು ಮುಚ್ಚಿಡಿ.

ಯೂನಿಟ್ಟನ್ನು ಗಾಳಿ ಬಡಿಯುವ ಕಡೆ, ಬಣ್ಣ ಕೆರೆದ ಲೋಹದ ಮೇಲೆ ಬಿಗಿಯಾಗಿ ಕೂರಿಸಿ. ಹೆಚ್ಚಾದ ಕರೆಂಟನ್ನು ಶಾರ್ಟ್ ಮಾಡಿ ನಿಯಂತ್ರಿಸುವ ಮಾದರಿಯೇ ಹೆಚ್ಚು ಬಳಕೆಯಲ್ಲಿರುವುದು. ನೀವು ಲೈಟ್ ಕಡಿಮೆ ಬಳಸಿದಷ್ಟೂ ಅದು ಹೆಚ್ಚು ಕಾಯುತ್ತದೆ. ಸೀಟಿನ ಕೆಳಗೆ ಪ್ಲಾಸ್ಟಿಕ್‌ಗೆ ಟೈ ಹಾಕಿ ಕಟ್ಟಿದರೆ ಬಹಳ ದಿನ ಬಾಳುವುದಿಲ್ಲ.

ಹೆಡ್‌ಲೈಟ್ ವೈರಿಂಗ್ ಹೇಗೆ ಬದಲಿಸಬೇಕು?

ಲೈಟ್ ಸ್ವಿಚ್ಚಿಗೆ ಬರುತ್ತಿದ್ದ ಎಸಿ ವೈರನ್ನು ಬಿಡಿಸಿ ಮುಚ್ಚಿ. ಅದೇ ಪಿನ್ನಿಗೆ ಡಿಸಿ ಕೊಡಬೇಕು. ಟೇಲ್ ಲೈಟ್, ಮೀಟರ್ ಬಲ್ಬುಗಳು ಸಾಮಾನ್ಯವಾಗಿ ಅದೇ ಲೈನಿನಲ್ಲಿರುವುದರಿಂದ ತಾವಾಗಿಯೇ ಬರುತ್ತವೆ. ಡಿಮ್, ಬ್ರೈಟ್ ಸ್ವಿಚ್ಚಿನಿಂದ ಮುಂದೆ ಏನೂ ಬದಲಿಸಬೇಕಿಲ್ಲ.

ಡಿಸಿಯನ್ನು ನೇರವಾಗಿ ಇಗ್ನಿಷನ್ ಸ್ವಿಚ್ಚಿನಿಂದ ತೆಗೆಯುವುದಕ್ಕಿಂತ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕುವುದು ಒಳ್ಳೆಯದು. ಆ ಸ್ವಿಚ್ ಇಷ್ಟು ವರ್ಷ ಹಾರ್ನ್, ಇಂಡಿಕೇಟರ್ ಮಾತ್ರ ಹೊತ್ತದ್ದು. ಅದರ ಸವೆದ ಕಾಂಟ್ಯಾಕ್ಟ್ ಮೇಲೆ ಬಿಡುವಿಲ್ಲದೆ 3 ಆಂಪಿಯರ್ ಹೇರಿದರೆ ಬಿಸಿಯಾಗುತ್ತದೆ. 12 ವೋಲ್ಟಿನ ನಾಲ್ಕು ಪಿನ್ ರಿಲೇ ಸಾಕು. ಪಿನ್ 30ಕ್ಕೆ ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ, 87ರಿಂದ ಲೈಟ್ ಸ್ವಿಚ್ಚಿಗೆ, 86ಕ್ಕೆ ಕೀ ಆನ್ ಲೈನ್, 85 ಅರ್ಥಿಂಗ್‌ಗೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಮುಖ್ಯ ಫ್ಯೂಸ್ ಇರಲಿ, ಲೈಟಿನ ಲೈನಿಗೆ 7.5 ಅಥವಾ 10. ಆರ್‌ಆರ್‌ನಿಂದ ಬ್ಯಾಟರಿಗೆ 1.5 ಚದರ ಮಿ.ಮೀ. ವೈರ್, ಹೆಡ್‌ಲೈಟಿಗೆ 1 ಚದರ ಮಿ.ಮೀ.

ಎಸಿ ಸಿಡಿಐ (ಸೋರ್ಸ್ ಕಾಯಿಲಿನ ಕರೆಂಟಿನಿಂದ ಸ್ಪಾರ್ಕ್ ಕೊಡಿಸುವ ಇಗ್ನಿಷನ್ ಯೂನಿಟ್) ಇರುವ ಬೈಕಿನಲ್ಲಿ ಇಗ್ನಿಷನ್ ಸ್ವಿಚ್ಚಿನಲ್ಲಿ ಎಂಜಿನ್ ನಿಲ್ಲಿಸುವ ಕಿಲ್ ವೈರ್ ಕೂಡ ಇರುತ್ತದೆ. ಅದು ಬಾಡಿಗೆ ತಾಗಿದಾಗ ಎಂಜಿನ್ ನಿಲ್ಲುತ್ತದೆ. ಬೇರೆ ವೈರ್ ಎಂದು ತಿಳಿದು ಅದಕ್ಕೆ ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಸಿಡಿಐ ಸುಡುವ ಅಪಾಯವಿದೆ. ಸ್ವಿಚ್ಚಿನ ಹಿಂದೆ ಕೈಹಾಕುವ ಮೊದಲು ಮೀಟರಿನಿಂದ ಪ್ರತಿ ವೈರನ್ನೂ ಗುರುತಿಸಿ.

ಕೆಲವು ಹಳೆ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಮಾಡಿದಾಗ ಆ ಕರೆಂಟನ್ನು ಒಂದು ರೆಸಿಸ್ಟರ್ ಮೇಲೆ ಹರಿಸುವ ಏರ್ಪಾಡು ಇದೆ. ಅದು ಇನ್ನು ಬೇಡ. ಬಿಟ್ಟರೆ ಲೈಟ್ ಆಫ್ ಮಾಡಿದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ.

ಅರ್ಥಿಂಗ್‌ಗೆ ಬಾಡಿಯೇ ಸಾಕಲ್ಲವೇ?

ಹೊಸದರಲ್ಲಿ ಸಾಕಿತ್ತು. ಹಳೆ ಬೈಕಿನಲ್ಲಿ ಹೆಡ್‌ಲೈಟಿನ ಕರೆಂಟ್ ಹಿಂದಕ್ಕೆ ಬರುವ ದಾರಿ ಎಷ್ಟೋ ಸಲ ಹ್ಯಾಂಡಲಿನ ಬಾಲ್ ರೇಸ್ ಮೂಲಕ, ಅಂದರೆ ಗ್ರೀಸಿನಲ್ಲಿ ಮುಳುಗಿದ ಗುಂಡುಗಳ ಮೂಲಕ. ಹ್ಯಾಂಡಲ್ ತಿರುಗಿಸಿದಾಗ ಬೆಳಕು ಮಿಣುಕಿದರೆ ಇದೇ ಕಾರಣ. ಬ್ಯಾಟರಿ ನೆಗೆಟಿವ್‌ನಿಂದ ಹೆಡ್‌ಲೈಟ್ ಡೂಮಿಗೆ ಒಂದು, ಆರ್‌ಆರ್‌ಗೆ ಒಂದು, ಎಂಜಿನ್ನಿಗೆ ಒಂದು ಬೇರೆ ವೈರ್ ಎಳೆಯಿರಿ. ಸಣ್ಣ ಖರ್ಚು, ದೊಡ್ಡ ಫಲ. ಲೈಟ್ ಹಾಕಿ ಬ್ಯಾಟರಿಯ ಮೇಲೂ ಬಲ್ಬ್ ಹೋಲ್ಡರ್‌ನಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ಮೀರಿದರೆ ಎಲ್ಲೋ ಕಾಂಟ್ಯಾಕ್ಟ್ ಕೆಟ್ಟಿದೆ.

ಬ್ಯಾಟರಿ ಯಾವುದು?

2.5 ಆಂಪಿಯರ್-ಅವರ್ ಚಿಕ್ಕದಾಯಿತು. ಸ್ಲೋನಲ್ಲಿ ನಿಂತಾಗ ಲೈಟನ್ನು ಹೊರುವ ಶಕ್ತಿಯೂ ಅದಕ್ಕಿಲ್ಲ, ಫುಲ್ ವೇವ್‌ನಿಂದ ಬರುವ 3-4 ಆಂಪಿಯರ್ ತಡೆಯುವ ತಾಕತ್ತೂ ಇಲ್ಲ. ಜಾಗ ಇದ್ದರೆ 5ರಿಂದ 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ ಹಾಕಿ. ಲಿಥಿಯಂ ಐರನ್ ಫಾಸ್ಫೇಟ್ ಹಾಕುವ ಆಸೆಯಿದ್ದರೆ, ಆರ್‌ಆರ್ ಎಷ್ಟೇ ರೇಸ್ ಕೊಟ್ಟರೂ 14.6 ವೋಲ್ಟ್ ದಾಟುವುದಿಲ್ಲ ಎಂದು ಅಳೆದ ಮೇಲೆಯೇ ಹಾಕಿ.

ಬ್ಯಾಟರಿ ಇಲ್ಲದೆ ಓಡಿಸಬೇಡಿ. ವೋಲ್ಟೇಜ್ ಕುಣಿದು ಬಲ್ಬ್, ಆರ್‌ಆರ್ ಎರಡೂ ಹೋಗುತ್ತವೆ.

ಇಷ್ಟೆಲ್ಲ ಬೇಡ, ಬರೀ ಎಲ್‌ಇಡಿ ಹಾಕಿಕೊಂಡರೆ?

ಮಾಮೂಲಿ ಡಿಸಿ ಎಲ್‌ಇಡಿಯನ್ನು ಎಸಿ ಲೈನಿಗೆ ಹಾಕಿದರೆ ಪ್ರತಿ ಅಲೆಯ ಅರ್ಧ ಭಾಗದಲ್ಲಿ ಮಾತ್ರ ಉರಿಯುತ್ತದೆ. ಒಂದು ಸುತ್ತಿಗೆ 4 ಅಲೆ ಕೊಡುವ ಮ್ಯಾಗ್ನೆಟ್ 1200 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಅಲೆ ಕೊಡುತ್ತದೆ, ಬೆಳಕು ಅಷ್ಟೇ ಸಲ ಮಿಟುಕುತ್ತದೆ. ಎಸಿಯ ವೋಲ್ಟೇಜ್ ಏರಿಳಿತಕ್ಕೆ ಒಳಗಿನ ಡ್ರೈವರ್ ಕೂಡ ಬೇಗ ಸಾಯುತ್ತದೆ. ಎಸಿಗೂ ಡಿಸಿಗೂ ಆಗುವಂತೆ ಮಾಡಿದ ಎಲ್‌ಇಡಿಗಳಿವೆ, ಅವಕ್ಕೆ ಈ ತೊಂದರೆ ಕಡಿಮೆ.

ಇನ್ನೊಂದು ನಡುದಾರಿಯೂ ಇದೆ. ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ರಾತ್ರಿ ಓಡಿಸುವವರಿಗೆ ನಾವು ಮೊದಲು ಹೇಳುವುದು ಅದನ್ನೇ. ಹೆಡ್‌ಲೈಟ್, ಟೇಲ್, ಮೀಟರ್ ಎಲ್ಲ ಎಲ್‌ಇಡಿಗೆ ಬದಲಿಸಿ ಒಟ್ಟು ಖರ್ಚು 10-12 ವ್ಯಾಟಿನೊಳಗೆ ಬಂದರೆ ಅದು 1 ಆಂಪಿಯರ್ ಆಸುಪಾಸು. ಹಳೆ ಹಾಫ್ ವೇವ್ ಚಾರ್ಜಿಂಗ್ ಗಟ್ಟಿಯಾಗಿದ್ದರೆ ಕಾಯಿಲ್ ಬಿಚ್ಚದೆ ನಡೆಯುತ್ತದೆ. ಆಗ ಲೈಟ್ ಸ್ವಿಚ್ಚಿಗೆ ಹೋಗುವ ಎಸಿ ವೈರನ್ನು ಮಾತ್ರ ಬಿಡಿಸಿ, ಆರ್‌ಆರ್‌ಗೆ ಹೋಗುವುದು ಹಾಗೇ ಇರಲಿ. ವಾರಕ್ಕೊಮ್ಮೆ ಬ್ಯಾಟರಿ ವೋಲ್ಟೇಜ್ ನೋಡಿ. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ 12.4ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ ಲೆಕ್ಕ ಕೂಡಿಲ್ಲ ಎಂದರ್ಥ.

ಒಂದು ಮಾತು: ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್ಲ ಎಲ್‌ಇಡಿಯೂ ಬೆಳಕನ್ನು ಸರಿಯಾಗಿ ಚೆಲ್ಲುವುದಿಲ್ಲ. ಗೋಡೆಯ ಮುಂದೆ ನಿಲ್ಲಿಸಿ ಡಿಮ್ ಹಾಕಿ ನೋಡಿ. ಬೆಳಕು ಮೇಲಕ್ಕೆ ಚೆದುರಿದ್ದರೆ ಎದುರು ಬರುವವರ ಕಣ್ಣು ಕುಕ್ಕುತ್ತದೆ, ಆ ಬಲ್ಬ್ ಬೇಡವೇ ಬೇಡ.

6 ವೋಲ್ಟಿನ ಬೈಕಿಗೂ ಇದು ಆಗುತ್ತದೆಯೇ?

ಆಗುತ್ತದೆ. ರೆಗ್ಯುಲೇಟರ್ ತಡೆಯದಿದ್ದರೆ ಹೆಚ್ಚಿನ 6 ವೋಲ್ಟ್ ಕಾಯಿಲುಗಳೂ ಆರ್‌ಪಿಎಂ ಏರಿದಂತೆ 12ಕ್ಕಿಂತ ಮೇಲೆಯೇ ಹೋಗುತ್ತವೆ. ಮೇಲೆ ಹೇಳಿದ ಬಲ್ಬ್ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಬ್ಯಾಟರಿ, ಎಲ್ಲ ಬಲ್ಬು, ಹಾರ್ನ್, ಫ್ಲಾಷರ್ 12 ವೋಲ್ಟಿನದ್ದಾಗಬೇಕು. ಇಗ್ನಿಷನ್ ಬ್ಯಾಟರಿಯಿಂದ ನಡೆಯುವುದಾದರೆ ಇಗ್ನಿಷನ್ ಕಾಯಿಲ್ ಕೂಡ. ಕೆಲವು ಹಳೆ ಬ್ರಿಟಿಷ್ ಬೈಕುಗಳಲ್ಲಿ ಬಾಡಿಗೆ ಸೇರುವುದು ಪಾಸಿಟಿವ್, ಅಲ್ಲಿ ಈ ಪುಟದ ಪಾಸಿಟಿವ್-ನೆಗೆಟಿವ್ ಹಾಗೇ ಅನ್ವಯಿಸಬೇಡಿ.

ಎಲ್ಲ ಮುಗಿಯಿತು. ಈಗ ಏನೇನು ಅಳೆಯಬೇಕು?

ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಲೈಟ್ ಆಫ್ ಇಟ್ಟು 4000 ಆರ್‌ಪಿಎಂವರೆಗೆ ಏರಿಸಿ. ಬ್ಯಾಟರಿ ಮೇಲೆ 14ರಿಂದ 14.8 ವೋಲ್ಟ್ ಒಳಗೆ ನಿಲ್ಲಬೇಕು. ಈಗ ಬ್ರೈಟ್ ಹಾಕಿ. ಸ್ಲೋನಲ್ಲಿ 12.5ರ ಆಸುಪಾಸಿಗೆ ಇಳಿದರೆ ಗಾಬರಿ ಬೇಡ, ರಸ್ತೆಯ ಮಾಮೂಲಿ ವೇಗದ ಆರ್‌ಪಿಎಂನಲ್ಲಿ 13.2 ದಾಟಿದರೆ ಸಾಕು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಬ್ಯಾಟರಿ ಪಾಸಿಟಿವ್ ವೈರಿಗೆ ಹಾಕಿ. ಕರೆಂಟ್ ಹೊರಹೋಗುವುದು ನಿಂತು ಒಳಬರಲು ಶುರುವಾಗುವ ಆರ್‌ಪಿಎಂ ಯಾವುದೆಂದು ತಿಳಿದರೆ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಲೈಟ್ ಹಾಕಿ ನಿಲ್ಲಬಹುದು ಎಂಬ ಅಂದಾಜೂ ಸಿಗುತ್ತದೆ.

15 ವೋಲ್ಟ್ ದಾಟುತ್ತಿದೆ, ಬ್ಯಾಟರಿ ಬಿಸಿಯಾಗುತ್ತಿದೆ.

ತಕ್ಷಣ ನಿಲ್ಲಿಸಿ. ಮೊದಲು ಆರ್‌ಆರ್‌ನ ಅರ್ಥಿಂಗ್ ನೋಡಿ, ತುಕ್ಕು ಹಿಡಿದ ಬೋಲ್ಟಿನಿಂದಲೇ ಅರ್ಧ ವೋಲ್ಟ್ ಏರುತ್ತದೆ. ಸೆನ್ಸ್ ವೈರ್ ಇದ್ದರೆ ಅಲ್ಲಿನ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಕಡಿಮೆ ಇದೆಯೇ ಅಳೆಯಿರಿ. ಕಡಿಮೆ ಇದ್ದಷ್ಟೂ ಯೂನಿಟ್ ಹೆಚ್ಚು ತುಂಬುತ್ತದೆ. ಎರಡೂ ಸರಿಯಿದ್ದರೆ ಯೂನಿಟ್ಟೇ ಕೆಟ್ಟಿದೆ.

ಚೆನ್ನಾಗಿ ನಡೆಯುತ್ತಿತ್ತು, ಕೆಲವು ತಿಂಗಳ ಮೇಲೆ ಚಾರ್ಜಿಂಗ್ ನಿಂತಿತು.

ಕಾಯಿಲಿಗೂ ಆರ್‌ಆರ್‌ಗೂ ನಡುವಿನ ಕಪ್ಲರ್ ಬಿಚ್ಚಿ ನೋಡಿ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಒಳಗಿನ ಪಿನ್ ಕಪ್ಪಾಗಿ ಸಡಿಲವಾಗಿದ್ದರೆ ಅಲ್ಲೇ ಕರೆಂಟ್ ಸುಟ್ಟುಹೋಗಿದೆ. ಪಿನ್ ಒರೆಸಿ ಮತ್ತೆ ತುರುಕುವುದು ಪ್ರಯೋಜನವಿಲ್ಲ, ಕಪ್ಲರ್ ಪೂರ್ತಿ ಹೊಸದು ಹಾಕಿ, ಇಲ್ಲವೇ ಆ ಎರಡು ವೈರನ್ನು ನೇರವಾಗಿ ಬೆಸುಗೆ ಹಾಕಿ ಸ್ಲೀವ್ ಮುಚ್ಚಿ.

ಬೈಕ್ ಓಡಿಸದೆ ನಿಲ್ಲಿಸಿದರೂ ಬ್ಯಾಟರಿ ಇಳಿಯುತ್ತಿದೆ.

ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಟರ್ಮಿನಲ್ ಮತ್ತು ವೈರಿನ ನಡುವೆ ಮೀಟರನ್ನು ಆಂಪಿಯರ್ ರೇಂಜಿನಲ್ಲಿ ಹಾಕಿ. ಮೊದಲು ದೊಡ್ಡ ರೇಂಜ್, ಆಮೇಲೆ ಚಿಕ್ಕದು. ಒಂದೆರಡು ಮಿಲಿಆಂಪಿಯರ್‌ಗಿಂತ ಹೆಚ್ಚು ತೋರಿಸಿದರೆ ಆರ್‌ಆರ್ ಕಪ್ಲರ್ ಬಿಚ್ಚಿ ಮತ್ತೆ ನೋಡಿ. ಆಗ ಸೊನ್ನೆಗೆ ಇಳಿದರೆ ಒಳಗಿನ ಡಯೋಡ್ ಸೋರುತ್ತಿದೆ ಅಥವಾ ಸೆನ್ಸ್ ವೈರನ್ನು ಕೀ ಲೈನಿಗೆ ಕೊಡದೆ ನೇರವಾಗಿ ಬ್ಯಾಟರಿಗೆ ಕೊಟ್ಟಿದೆ. ಇಳಿಯದೆ 150 ಮಿಲಿಆಂಪಿಯರ್ ಆಸುಪಾಸು ನಿಂತಿದ್ದರೆ ರಿಲೇಯ 86ನೇ ಪಿನ್ನನ್ನು ಯಾವಾಗಲೂ ಕರೆಂಟ್ ಇರುವ ಲೈನಿಗೆ ಸೇರಿಸಿದ್ದೀರಿ. ಕೀ ಆಫ್ ಆದರೂ ರಿಲೇ ಹಿಡಿದೇ ಇದೆ, ಆ ವೈರನ್ನು ಕೀ ಆನ್ ಲೈನಿಗೆ ಬದಲಿಸಿ.